ತಡೆಯುವ ಅಧಿಕಾರ, ತಿಳಿಸುವ ಹೊಣೆ

ಅಂತರಜಾಲಕ್ಕೆ ಗಡಿಯಿಲ್ಲ, ಅದು ಸರ್ಕಾರಗಳ ಕೈಗೆ ಸಿಗುವಂಥದ್ದಲ್ಲ ಎಂಬ ನಂಬಿಕೆ ಒಂದು ಕಾಲಕ್ಕೆ ಎಷ್ಟು ಗಟ್ಟಿಯಾಗಿತ್ತೆಂದರೆ, ಅದನ್ನು ಘೋಷಣಾಪತ್ರವಾಗಿಯೇ ಬರೆದವರಿದ್ದರು. ಅಮೆರಿಕದ ಜಾನ್ ಪೆರ್ರಿ ಬಾರ್ಲೋ 1996ರ ಫೆಬ್ರವರಿ 8ರಂದು ಸ್ವಿಟ್ಜರ್ಲೆಂಡಿನ ದಾವೋಸ್‌ನಿಂದ ಸೈಬರ್ ಲೋಕದ ಸ್ವಾತಂತ್ರ್ಯ ಘೋಷಣೆಯನ್ನು ಹರಿಯಬಿಟ್ಟರು. ಭೂಮಿಯ ಮೇಲಿನ ಸರ್ಕಾರಗಳಿಗೆ ಈ ಹೊಸ ಲೋಕದಲ್ಲಿ ಯಾವ ಅಧಿಕಾರವೂ ಇಲ್ಲ ಎಂಬುದು ಅದರ ಸಾರ. ಕೆಲವೇ ತಿಂಗಳಲ್ಲಿ ಅದು ಸಾವಿರಾರು ಜಾಲತಾಣಗಳಲ್ಲಿ ನಕಲಾಗಿ ಹಬ್ಬಿತು. ಸರಿಯಾಗಿ ಒಂದು ವಾರ ಮೊದಲು, ಫೆಬ್ರವರಿ 1ರಂದು, ಚೀನಾದ ಸ್ಟೇಟ್ ಕೌನ್ಸಿಲ್ ತನ್ನ 195ನೇ ಆದೇಶವನ್ನು ಹೊರಡಿಸಿತ್ತು. ದೇಶದ ಯಾವ ಕಂಪ್ಯೂಟರ್ ಜಾಲವೇ ಆಗಲಿ, ಹೊರದೇಶದೊಡನೆ ಸಂಪರ್ಕ ಬೇಕಾದರೆ ಅಂಚೆ ಮತ್ತು ದೂರಸಂಪರ್ಕ ಸಚಿವಾಲಯದ ಹೆಬ್ಬಾಗಿಲಿನ ಮೂಲಕವೇ ಹೋಗಬೇಕು ಎಂದಿತ್ತು ಅದು. ಬಾರ್ಲೋ ಪತ್ರವನ್ನು ಜನ ಇಂದಿಗೂ ನೆನೆಯುತ್ತಾರೆ. 195ನೇ ಆದೇಶದ ಹೆಸರೆತ್ತುವವರು ಕಡಿಮೆ. ಆದರೆ ಇವೆರಡರಲ್ಲಿ ಹಳೆಯ ಸಂಪ್ರದಾಯಕ್ಕೆ ಸೇರಿದ್ದು ಚೀನಾದ ಆದೇಶವೇ. ಮೊದಲು ಬಯಲಾಗಿದ್ದ ಜಾಲಕ್ಕೆ ಆಮೇಲೆ ಸರ್ಕಾರಗಳು ಬಂದು ಬೇಲಿ ಹಾಕಿದವು ಎಂದು ನಾವು ಹೇಳಿಕೊಳ್ಳುವ ಕಥೆ ತಲೆಕೆಳಗಾದದ್ದು. ತಂತಿ ಮೊದಲ ಸಲ ದೇಶದ ಗಡಿ ದಾಟಿದಾಗಲೇ ಅದನ್ನು ತಡೆಯುವ ಅಧಿಕಾರವೂ ಜೊತೆಯಲ್ಲೇ ದಾಟಿತು. ಆ ಕಾಲದಲ್ಲಿ ಆ ಅಧಿಕಾರಕ್ಕೆ ಜೋಡಿಸಿದ್ದ ಒಂದು ಹೊಣೆ ಈಚೆಗೆ ಸದ್ದಿಲ್ಲದೆ ಕಳಚಿಬಿದ್ದಿದೆ. ನಾವು ಚಿಂತಿಸಬೇಕಾದದ್ದು ಬೇಲಿಯನ್ನಲ್ಲ, ಈ ಕಳಚಿಬಿದ್ದ ಹೊಣೆಯನ್ನು.

1850ರ ದಶಕದ ಸ್ಟ್ರಾಸ್‌ಬರ್ಗ್ ತಂತಿ ಕಚೇರಿಯನ್ನು ನೋಡಿ. ಫ್ರಾನ್ಸಿನ ತಂತಿಜಾಲವೂ ಪಕ್ಕದ ಜರ್ಮನ್ ಸಂಸ್ಥಾನವಾದ ಬಾಡೆನ್‌ನ ತಂತಿಜಾಲವೂ ಅಲ್ಲಿ ಎದುರುಬದುರಾಗುತ್ತಿದ್ದವು, ಆದರೆ ಕೂಡುತ್ತಿರಲಿಲ್ಲ. ಒಂದೇ ಕಚೇರಿಯಲ್ಲಿ ಎರಡೂ ಕಡೆಯ ಗುಮಾಸ್ತರು ಕೂರುತ್ತಿದ್ದರು. ಪ್ಯಾರಿಸ್ಸಿನಿಂದ ಬಂದ ಸಂದೇಶವನ್ನು ಫ್ರೆಂಚ್ ಗುಮಾಸ್ತ ಕಾಗದದ ಮೇಲೆ ಬರೆದು ಬಾಡೆನ್‌ನವನ ಕೈಗೆ ಕೊಡಬೇಕು, ಅವನು ಅದನ್ನು ಜರ್ಮನ್ ಭಾಷೆಗೆ ತಿರುಗಿಸಿ ತನ್ನ ಕಡೆಯ ತಂತಿಗೆ ಮತ್ತೆ ಕುಟ್ಟಬೇಕು. ಮಿಂಚಿನ ವೇಗದಲ್ಲಿ ನೂರಾರು ಮೈಲಿ ಓಡಿಬಂದ ಮಾತು ಒಂದು ಮೇಜಿನಷ್ಟು ಅಗಲವನ್ನು ಕಾಗದದ ಚೂರಾಗಿ ದಾಟುತ್ತಿತ್ತು. ಎರಡೆರಡು ದೇಶಗಳ ನಡುವೆ ಬೇರೆ ಬೇರೆ ಒಪ್ಪಂದ, ಬೇರೆ ಬೇರೆ ದರ, ಬೇರೆ ಬೇರೆ ಯಂತ್ರ. ಈ ಗೋಜಲು ಬಿಡಿಸಲೆಂದೇ ಯುರೋಪಿನ 20 ದೇಶಗಳು 1865ರ ಮೇ 17ರಂದು ಪ್ಯಾರಿಸ್ಸಿನಲ್ಲಿ ಅಂತರರಾಷ್ಟ್ರೀಯ ತಂತಿ ಒಪ್ಪಂದಕ್ಕೆ ಸಹಿ ಹಾಕಿದವು. ಮಾರ್ಸ್ ಯಂತ್ರ ಸಾಮಾನ್ಯವಾಯಿತು, ದರಕ್ಕೆ ಒಂದೇ ಅಳತೆ ಬಂತು, ಗಡಿಯ ಆಚೆಗೆ ತಂತಿ ಕಳಿಸುವ ಹಕ್ಕು ಎಲ್ಲರಿಗೂ ಇದೆ ಎಂದು ಬರವಣಿಗೆಯಲ್ಲಿ ಒಪ್ಪಿದ್ದಾಯಿತು. ಇಂದಿನ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಬೇರು ಇದೇ.

ಆದರೆ ಬಾಗಿಲು ತೆರೆದ ಅದೇ ಕಾಗದದಲ್ಲಿ ಅಗುಳಿಯೂ ಇತ್ತು. ದೇಶದ ಭದ್ರತೆಗೆ ಅಪಾಯ ಎನಿಸುವ, ಕಾನೂನಿಗೋ ಸಾರ್ವಜನಿಕ ಶಾಂತಿಗೋ ಸಭ್ಯತೆಗೋ ವಿರುದ್ಧ ಎನಿಸುವ ಯಾವುದೇ ಖಾಸಗಿ ತಂತಿಯನ್ನು ತಡೆಯುವ ಹಕ್ಕನ್ನು ಸರ್ಕಾರಗಳು ಅಂದೇ ಕಾಯ್ದಿರಿಸಿಕೊಂಡವು. ಇಂದು ನಮ್ಮ ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿ ಕಾಣುವ ಕಾರಣಗಳ ಪಟ್ಟಿಗೂ ಆ ಪಟ್ಟಿಗೂ ಹೆಚ್ಚು ದೂರವಿಲ್ಲ. 1875ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಒಪ್ಪಂದವನ್ನು ಪರಿಷ್ಕರಿಸಿದಾಗ 8ನೇ ವಿಧಿ ಇನ್ನೊಂದು ಮಾತನ್ನು ಸ್ಪಷ್ಟವಾಗಿ ಹೇಳಿತು. ಯಾವ ಸರ್ಕಾರವೂ ತಂತಿ ಸೇವೆಯನ್ನೇ, ಪೂರ್ತಿಯಾಗಿಯೋ ಕೆಲವು ಮಾರ್ಗಗಳಲ್ಲಿ ಮಾತ್ರವೋ, ತನಗೆ ಬೇಕಾದಷ್ಟು ಕಾಲ ನಿಲ್ಲಿಸಬಹುದು. ಆದರೆ ಹಾಗೆ ಮಾಡಿದ ಕೂಡಲೇ ಒಪ್ಪಂದದ ಇತರ ಎಲ್ಲ ಸರ್ಕಾರಗಳಿಗೂ ತಿಳಿಸಬೇಕು. ಇದು ಚಕ್ರವರ್ತಿಗಳೂ ರಾಜರೂ ತಮ್ಮ ತಮ್ಮಲ್ಲಿ ಮಾಡಿಕೊಂಡ ಒಪ್ಪಂದ, ವಾಕ್ ಸ್ವಾತಂತ್ರ್ಯದ ಬಗ್ಗೆ ಅವರಿಗೇನೂ ಪ್ರೀತಿ ಇರಲಿಲ್ಲ. ಆದರೂ ಅವರಿಗೆ ಒಂದು ವಿಷಯ ಗೊತ್ತಿತ್ತು: ಸಂದೇಶ ತಲುಪದಿದ್ದರೆ ಅದು ಕಳೆದುಹೋಯಿತೋ, ತಡೆಹಿಡಿಯಲಾಯಿತೋ ಎಂಬುದು ತಿಳಿಯದೆ ಹೋದರೆ ಇಡೀ ವ್ಯವಸ್ಥೆಯ ಮೇಲಿನ ನಂಬಿಕೆಯೇ ಉಳಿಯುವುದಿಲ್ಲ. ಹೀಗಾಗಿ ತಡೆಯುವ ಅಧಿಕಾರಕ್ಕೆ ತಿಳಿಸುವ ಹೊಣೆಯನ್ನು ಗಂಟುಹಾಕಿದರು.

ಭಾರತ ಈ ಒಕ್ಕೂಟದೊಳಗೆ ಬಂದದ್ದು ತನ್ನ ಇಚ್ಛೆಯಿಂದಲ್ಲ. ಬ್ರಿಟನ್ನಿನಲ್ಲಿ ತಂತಿ ಆಗಿನ್ನೂ ಖಾಸಗಿ ಕಂಪನಿಗಳ ಕೈಯಲ್ಲಿತ್ತು, ಅದಕ್ಕೇ 1865ರ ಸಹಿಯಲ್ಲಿ ಅದು ಇರಲಿಲ್ಲ. ಭಾರತದಲ್ಲಾದರೋ ತಂತಿ ಸರ್ಕಾರದ್ದೇ. ಹೀಗಾಗಿ ಬ್ರಿಟಿಷ್ ಭಾರತ 1869ರಿಂದ ಸದಸ್ಯವಾಗಿ, ಆಳುವವರಿಗಿಂತ ಆಳಿಸಿಕೊಳ್ಳುವವರು ಮೊದಲು ಒಕ್ಕೂಟ ಸೇರಿದಂತಾಯಿತು. ಮರುವರ್ಷವೇ ಮುಂಬೈಯಿಂದ ಏಡನ್, ಸೂಯೆಜ್ ಮಾರ್ಗವಾಗಿ ಸಮುದ್ರದಡಿಯ ಕೇಬಲ್ ಲಂಡನ್ನಿಗೆ ಕೂಡಿಕೊಂಡಿತು. 1885ರಲ್ಲಿ ಬಂದ ಭಾರತೀಯ ತಂತಿ ಕಾಯ್ದೆಯ 5ನೇ ಕಲಂ, ಸಾರ್ವಜನಿಕ ತುರ್ತು ಅಥವಾ ಸಾರ್ವಜನಿಕ ಸುರಕ್ಷತೆಯ ಹೆಸರಿನಲ್ಲಿ ಯಾವುದೇ ಸಂದೇಶವನ್ನು ತಡೆಯುವ, ಹಿಡಿದಿಡುವ, ಓದುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು. ಸರ್ಕಾರಗಳ ನಡುವಿನ ಒಪ್ಪಂದದಲ್ಲಿದ್ದ ತಿಳಿಸುವ ಹೊಣೆಗೆ ಪ್ರಜೆಯ ಮಟ್ಟದಲ್ಲಿ ಸಾಟಿಯಾದದ್ದು ಈ ಕಲಮಿನಲ್ಲಿ ಇರಲಿಲ್ಲ. ಇಂಗ್ಲೆಂಡಿನ ಸರ್ಕಾರ ಫ್ರಾನ್ಸಿಗೆ ಉತ್ತರ ಹೇಳಬೇಕು, ಧಾರವಾಡದ ವರ್ತಕನಿಗೆ ಏಕೆ ಹೇಳಬೇಕು? ತಡೆಗೆ ಕಾರಣವನ್ನು ಬರೆದಿಡಬೇಕು ಎಂಬ ಮಾತು ಈ ಕಲಮಿನೊಳಗೆ ಬರಲು 1972ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಅಲ್ಲೂ ಬರೆದಿಡಬೇಕು ಎಂದಿತ್ತೇ ಹೊರತು ಸಂದೇಶ ಕಳಿಸಿದವನಿಗೆ ಹೇಳಬೇಕು ಎಂದಿರಲಿಲ್ಲ.

ಯುದ್ಧದ ಕಾಲದಲ್ಲಿ ಒಪ್ಪಂದದ ಸೌಜನ್ಯಗಳೆಲ್ಲ ಮೂಲೆಗೆ ಸೇರಿದವು. 1914ರ ಆಗಸ್ಟ್ 5ರ ಬೆಳಗಿನ ಜಾವ ಅಲರ್ಟ್ ಎಂಬ ಬ್ರಿಟಿಷ್ ಹಡಗು ಇಂಗ್ಲಿಷ್ ಕಾಲುವೆಯಲ್ಲಿ ಜರ್ಮನಿಯ ಐದು ಕೇಬಲ್‌ಗಳನ್ನು ಕತ್ತರಿಸಿತು. ಜರ್ಮನಿಯ ಮಾತು ಆಮೇಲೆ ಬೇರೆಯವರ ತಂತಿಗಳನ್ನು ಆಶ್ರಯಿಸಬೇಕಾಯಿತು. ಬ್ರಿಟನ್ ಅದನ್ನು ಕದ್ದು ಓದಿದ್ದರಿಂದಲೇ ಜರ್ಮನ್ ವಿದೇಶಾಂಗ ಸಚಿವ ಜಿಮ್ಮರ್‌ಮನ್ 1917ರಲ್ಲಿ ಕಳಿಸಿದ ಗುಪ್ತ ತಂತಿ ಬಯಲಾಗಿ ಅಮೆರಿಕ ಯುದ್ಧಕ್ಕೆ ಇಳಿಯಲು ಒಂದು ಕಾರಣವಾದದ್ದು. ಗಡಿ ಇರುವುದು ನಕ್ಷೆಯ ಗೆರೆಯಲ್ಲಲ್ಲ, ಕೇಬಲ್ ಯಾರ ದಡ ಹತ್ತುತ್ತದೆ ಎಂಬುದರಲ್ಲಿ ಎಂದು ಆಗಲೇ ಸಾಬೀತಾಗಿತ್ತು.

ಹಾಗಿದ್ದರೆ 1990ರ ದಶಕದಲ್ಲಿ ಅಂತರಜಾಲ ಗಡಿಯಿಲ್ಲದ್ದಾಗಿ ಕಂಡದ್ದು ಏಕೆ? ಯಾವ ಸರ್ಕಾರವೂ ತನ್ನ ಅಧಿಕಾರವನ್ನು ಬಿಟ್ಟುಕೊಟ್ಟಿರಲಿಲ್ಲ. ಯಾರು ಎಲ್ಲಿಂದ ನೋಡುತ್ತಿದ್ದಾರೆ ಎಂಬುದನ್ನು ಗುರುತಿಸುವ ದಾರಿ ಯಾರಿಗೂ ಗೊತ್ತಿರಲಿಲ್ಲ, ಅಷ್ಟೆ. 1995ರ ಕೊನೆಯಲ್ಲಿ ಜರ್ಮನಿಯ ಬವೇರಿಯಾ ರಾಜ್ಯದ ಮ್ಯೂನಿಕ್ ಅಧಿಕಾರಿಗಳು ಕಂಪ್ಯೂಸರ್ವ್ ಎಂಬ ಅಂತರಜಾಲ ಸೇವಾ ಕಂಪನಿಯ ಮೇಲೆ ಅಶ್ಲೀಲ ಸಾಮಗ್ರಿಯ ತನಿಖೆ ಶುರುಮಾಡಿದಾಗ, ಕಂಪನಿಗೆ ಜರ್ಮನ್ ಚಂದಾದಾರರನ್ನು ಮಾತ್ರ ಬೇರ್ಪಡಿಸಲು ಬರಲಿಲ್ಲ. 200ಕ್ಕೂ ಹೆಚ್ಚು ಚರ್ಚಾಗುಂಪುಗಳನ್ನು ಪ್ರಪಂಚದ ಎಲ್ಲ ಚಂದಾದಾರರಿಗೂ ಮುಚ್ಚಿಬಿಟ್ಟಿತು. ಮ್ಯೂನಿಕ್‌ನ ಕಾನೂನು ಕೆಲವು ವಾರ ಇಡೀ ಜಗತ್ತಿನ ಕಾನೂನಾಯಿತು. ಗಡಿಯಿಲ್ಲದ ಜಾಲದಲ್ಲಿ ಸರ್ಕಾರದ ಕೈ ಮೋಟಾಗುತ್ತದೆ ಎಂದು ನಂಬಿದವರು ಈ ಪ್ರಸಂಗವನ್ನು ಗಮನಿಸಬೇಕಿತ್ತು. ಗಡಿ ಇಲ್ಲದಿದ್ದರೆ ಅತಿ ಕಟ್ಟುನಿಟ್ಟಿನ ಸರ್ಕಾರದ ಕೈಯೇ ಎಲ್ಲರಿಗಿಂತ ಉದ್ದವಾಗುತ್ತದೆ.

ಗಡಿ ತಾಂತ್ರಿಕವಾಗಿ ಮರಳಿಬಂದದ್ದು ಪ್ಯಾರಿಸ್ಸಿನ ಒಂದು ನ್ಯಾಯಾಲಯದಲ್ಲಿ. 2000ದ ವಸಂತದಲ್ಲಿ ಜನಾಂಗದ್ವೇಷ ವಿರೋಧಿ ಸಂಘಟನೆಯೊಂದೂ ಯಹೂದಿ ವಿದ್ಯಾರ್ಥಿಗಳ ಒಕ್ಕೂಟವೂ ಯಾಹೂ ಕಂಪನಿಯ ಮೇಲೆ ಮೊಕದ್ದಮೆ ಹೂಡಿದವು. ಯಾಹೂವಿನ ಹರಾಜು ಪುಟಗಳಲ್ಲಿ ನಾಜಿ ಪದಕ, ಸಮವಸ್ತ್ರ, ಧ್ವಜಗಳು ಮಾರಾಟಕ್ಕಿದ್ದವು. ಫ್ರಾನ್ಸಿನಲ್ಲಿ ಅವುಗಳ ಪ್ರದರ್ಶನ ಅಪರಾಧ. ಸರ್ವರ್ ಅಮೆರಿಕದಲ್ಲಿದೆ, ನೋಡುವವರಲ್ಲಿ ಫ್ರೆಂಚರು ಯಾರೆಂದು ನಮಗೆ ತಿಳಿಯುವುದಿಲ್ಲ ಎಂದಿತು ಯಾಹೂ. ನ್ಯಾಯಾಧೀಶ ಜಾನ್-ಜಾಕ್ ಗೋಮೆಜ್ ಈ ಮಾತನ್ನು ಸುಮ್ಮನೆ ಒಪ್ಪಲೂ ಇಲ್ಲ, ತಳ್ಳಲೂ ಇಲ್ಲ. ಮೂವರು ತಜ್ಞರನ್ನು ಕೂರಿಸಿದರು. ಅವರಲ್ಲೊಬ್ಬರು ಅಂತರಜಾಲದ ಮೂಲ ಶಿಲ್ಪಿಗಳಲ್ಲಿ ಒಬ್ಬರಾದ ವಿಂಟ್ ಸರ್ಫ್. ಐಪಿ ವಿಳಾಸದಿಂದ ಫ್ರಾನ್ಸಿನ ಬಳಕೆದಾರರಲ್ಲಿ ಸುಮಾರು ನೂರಕ್ಕೆ 70 ಜನರನ್ನು ಗುರುತಿಸಬಹುದು, ರಾಷ್ಟ್ರೀಯತೆಯನ್ನು ಕೇಳಿ ಪಡೆಯುವುದನ್ನೂ ಸೇರಿಸಿದರೆ 90ರ ಹತ್ತಿರ ಹೋಗಬಹುದು ಎಂಬುದು ಅವರ ಅಂದಾಜು. ನ್ಯಾಯಾಧೀಶರು ಇನ್ನೊಂದು ಸಂಗತಿಯನ್ನೂ ಎತ್ತಿ ತೋರಿಸಿದರು: ಅಮೆರಿಕದ ಆ ಜಾಲತಾಣವನ್ನು ಪ್ಯಾರಿಸ್ಸಿನಿಂದ ತೆರೆದವರಿಗೆ ಯಾಹೂ ಫ್ರೆಂಚ್ ಭಾಷೆಯ ಜಾಹೀರಾತನ್ನು ತೋರಿಸುತ್ತಿತ್ತು! ಸರಕು ಮಾರುವಾಗ ಗಿರಾಕಿ ಯಾವ ಊರಿನವನೆಂದು ತಿಳಿಯುತ್ತದೆ, ಕಾನೂನು ಪಾಲಿಸುವಾಗ ಮಾತ್ರ ತಿಳಿಯುವುದಿಲ್ಲ. ನವೆಂಬರ್ 20ರ ತೀರ್ಪು ಮೂರು ತಿಂಗಳ ಗಡುವು ಕೊಟ್ಟು, ಆಮೇಲೆ ದಿನಕ್ಕೆ ಒಂದು ಲಕ್ಷ ಫ್ರಾಂಕ್ ದಂಡ ಎಂದಿತು. 2001ರ ಜನವರಿಯಲ್ಲಿ ಯಾಹೂ ಅಂಥ ಸರಕುಗಳನ್ನು ತನ್ನ ಹರಾಜಿನಿಂದ ತೆಗೆಯಿತು. ಅದು ತೀರ್ಪಿಗೆ ಮಣಿದದ್ದಲ್ಲ, ತನ್ನದೇ ತೀರ್ಮಾನ ಎಂದು ಹೇಳಿಕೊಂಡಿತು. ಅಂತರಜಾಲಕ್ಕೆ ಗಡಿ ತಂದ ತಂತ್ರ ಪೊಲೀಸರ ಕೋಣೆಯಲ್ಲಿ ಹುಟ್ಟಿದ್ದಲ್ಲ, ಜಾಹೀರಾತಿನವರು ಸಾಕಿ ಬೆಳೆಸಿದ್ದು ಎಂಬುದನ್ನು ಕಂಪನಿಗಳು ಸ್ವಾತಂತ್ರ್ಯದ ಭಾಷಣ ಮಾಡುವಾಗಲೆಲ್ಲ ನೆನಪಿಡುವುದು ಒಳ್ಳೆಯದು.

ತಂತಿಗೂ ಅಂತರಜಾಲಕ್ಕೂ ಹೋಲಿಕೆಯೇ ತಪ್ಪು ಎನ್ನುವವರಿದ್ದಾರೆ. ತಂತಿಯ ಸಂದೇಶ ಒಂದೇ ದಾರಿಯಲ್ಲಿ ಹೋಗಿ ಗುಮಾಸ್ತನ ಕೈಗೆ ಸಿಗುತ್ತಿತ್ತು. ಅಂತರಜಾಲದ ಮಾಹಿತಿ ತುಂಡುತುಂಡಾಗಿ, ಸಿಕ್ಕ ದಾರಿಯಲ್ಲಿ, ಯಾರ ಮೇಜಿಗೂ ಕಾಯದೆ ಹೋಗುತ್ತದೆ ಎಂಬುದು ಅವರ ವಾದ. ರಚನೆ ಬೇರೆ ಎಂಬುದು ನಿಜ. ಆದರೆ ಆ ಗುಮಾಸ್ತನ ಮೇಜು ಮಾಯವಾಗಿಲ್ಲ, ರೂಟರ್ ಆಗಿದೆ. 2008ರ ಫೆಬ್ರವರಿ 24ರಂದು ಪಾಕಿಸ್ತಾನ ಸರ್ಕಾರ ಯೂಟ್ಯೂಬನ್ನು ತನ್ನ ದೇಶದಲ್ಲಿ ತಡೆಯಲು ಹೇಳಿತು. ಪಾಕಿಸ್ತಾನ್ ಟೆಲಿಕಾಂ ತನ್ನ ಜಾಲದೊಳಗೆ, ಯೂಟ್ಯೂಬಿನ 256 ವಿಳಾಸಗಳಿಗೆ ದಾರಿ ನನ್ನ ಕಡೆಗಿದೆ ಎಂದು ಸುಳ್ಳು ಸೂಚನೆ ಹಾಕಿತು. ಬಂದವರನ್ನು ಪಾತಾಳಕ್ಕೆ ತಳ್ಳುವ ಉಪಾಯ ಅದು. ಆ ಸೂಚನೆ ಹಾಂಗ್‌ಕಾಂಗಿನ ಪಿಸಿಸಿಡಬ್ಲ್ಯು ಕಂಪನಿಯ ಮೂಲಕ ಹೊರಗೆ ಸೋರಿತು. ಯೂಟ್ಯೂಬ್ ತಾನು ಸಾರಿದ್ದ ಸೂಚನೆ 1,024 ವಿಳಾಸಗಳ ದೊಡ್ಡ ಗುಂಪಿನದು. ಹೆಚ್ಚು ನಿಖರವಾದ ಸಣ್ಣ ಗುಂಪಿನ ಸೂಚನೆಗೇ ರೂಟರ್‌ಗಳು ಮಣೆ ಹಾಕುತ್ತವೆ. ಸುಮಾರು ಎರಡು ಗಂಟೆ ಕಾಲ ಪ್ರಪಂಚದ ಬಹುಭಾಗಕ್ಕೆ ಯೂಟ್ಯೂಬ್ ಸಿಗಲಿಲ್ಲ. ಮೂರು ವರ್ಷದ ನಂತರ, 2011ರ ಜನವರಿ ಕೊನೆಯಲ್ಲಿ, ಈಜಿಪ್ಟ್ ಸರ್ಕಾರ ತನ್ನ ದೇಶಕ್ಕೆ ಹೋಗುವ ದಾರಿಗಳ ಸೂಚನೆಗಳನ್ನೇ ಹಿಂತೆಗೆಸಿ ಐದು ದಿನ ಹೆಚ್ಚುಕಡಿಮೆ ಇಡೀ ದೇಶವನ್ನು ಜಾಲದಿಂದ ಅಳಿಸಿತು. ಕೈಬೆರಳೆಣಿಕೆಯ ಕಂಪನಿಗಳಿಗೆ ಹೇಳಿದರೆ ಸಾಕಾಯಿತು. ಸಿಕ್ಕ ದಾರಿಯಲ್ಲಿ ಹೋಗುವ ತುಂಡುಗಳಿಗೂ ದೇಶದ ಹೊಸ್ತಿಲು ದಾಟಲು ಪರವಾನಗಿ ಪಡೆದ ಯಾರದೋ ಬಾಗಿಲೇ ಬೇಕು.

ಭಾರತದಲ್ಲಿ ಈ ಬಾಗಿಲು 1995ರ ಆಗಸ್ಟ್ 15ರಿಂದ ಕೆಲವು ವರ್ಷ ಸರ್ಕಾರಿ ಕಂಪನಿಯಾದ ವಿಎಸ್‌ಎನ್‌ಎಲ್ ಒಂದರ ಕೈಯಲ್ಲಿತ್ತು. ಕಾರ್ಗಿಲ್ ಯುದ್ಧದ ಹೊತ್ತಿನಲ್ಲಿ ಪಾಕಿಸ್ತಾನದ ಡಾನ್ ಪತ್ರಿಕೆಯ ಜಾಲತಾಣ ಅಲ್ಲೇ ಸಿಕ್ಕಿಹಾಕಿಕೊಂಡಿತು. ಇನ್ನೂ ವಿಚಿತ್ರವಾದದ್ದು 2003ರ ಸೆಪ್ಟೆಂಬರ್ ಪ್ರಕರಣ. ಮೇಘಾಲಯದ ಪ್ರತ್ಯೇಕತಾವಾದಿ ಸಂಘಟನೆಯೊಂದಕ್ಕೆ ಸೇರಿದ, ಇಪ್ಪತ್ತರ ಆಸುಪಾಸು ಸದಸ್ಯರಿದ್ದ ಕಿನ್‌ಹುನ್ ಎಂಬ ಯಾಹೂ ಗುಂಪನ್ನು ತಡೆಯಲು ಆದೇಶ ಬಂತು. ಆ ಒಂದು ಗುಂಪನ್ನು ಬೇರ್ಪಡಿಸಲು ಬಾರದ ಸೇವಾದಾರರು ಯಾಹೂ ಗುಂಪುಗಳ ಐಪಿ ವಿಳಾಸವನ್ನೇ ತಡೆದರು. ನೆಗಡಿ ಬಂತೆಂದು ಮೂಗು ಕೊಯ್ದಂತೆ, ದೇಶದ ಅದೆಷ್ಟೋ ಗುಂಪುಗಳು ಸುಮಾರು ಎರಡು ವಾರ ಮುಚ್ಚಿಹೋದವು. ಕಾರಣ ಗೊತ್ತಾಗುವ ತನಕ ಜನ ತಮ್ಮ ಕಂಪ್ಯೂಟರನ್ನೋ ಮೋಡೆಮ್ಮನ್ನೋ ದೂರುತ್ತಿದ್ದರೆ ಆಶ್ಚರ್ಯವಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 2008ರ ತಿದ್ದುಪಡಿಯಿಂದ ಬಂದ 69ಎ ಕಲಂ ಮತ್ತು 2009ರ ನಿಯಮಗಳು ಈ ಗಲಿಬಿಲಿಗೆ ಒಂದು ಕ್ರಮ ತಂದವು: ಸಮಿತಿ, ಲಿಖಿತ ಕಾರಣ, ಗುರುತು ಸಿಕ್ಕವರಿಗೆ ನೋಟಿಸ್. ಆದರೆ ಅದೇ ನಿಯಮಗಳಲ್ಲಿ 16ನೆಯದು ದೂರು, ಕೋರಿಕೆ, ಕ್ರಮ ಎಲ್ಲವನ್ನೂ ಗೋಪ್ಯವಾಗಿಡಬೇಕು ಎನ್ನುತ್ತದೆ. ಮುಂಬಾಗಿಲಲ್ಲಿ ಒಳಗೆ ಕರೆದುಕೊಂಡ ಹೊಣೆಯನ್ನು ಹಿತ್ತಿಲಿನಿಂದ ಹೊರಗೆ ಕಳಿಸಿದ ನಿಯಮ ಇದು.

ಗೋಪ್ಯತೆಯ ಬೆಲೆ ಏನೆಂದು ಬೆಂಗಳೂರು ಕಂಡಿದೆ. 2012ರ ಆಗಸ್ಟ್ ಮಧ್ಯದಲ್ಲಿ, ತಮ್ಮ ಮೇಲೆ ದಾಳಿಯಾಗಲಿದೆ ಎಂಬ ವದಂತಿಗಳಿಗೆ ಹೆದರಿ ಈಶಾನ್ಯ ಭಾರತದ ಸಾವಿರಾರು ಜನ ವಿಶೇಷ ರೈಲುಗಳಲ್ಲಿ ಗುವಾಹಟಿಯ ಕಡೆಗೆ ಹೊರಟುಹೋದರು. ಪ್ರಚೋದಕ ಚಿತ್ರಗಳು ಬಹುಪಾಲು ಗಡಿಯಾಚೆಯಿಂದ ಬಂದವು ಎಂದು ಕೇಂದ್ರ ಗೃಹ ಇಲಾಖೆ ಹೇಳಿತು. ಕೆಲವು ದಿನ ದೇಶದಾದ್ಯಂತ ಒಮ್ಮೆಗೆ ಐವರಿಗಿಂತ ಹೆಚ್ಚು ಜನಕ್ಕೆ ಎಸ್ಎಂಎಸ್ ಕಳಿಸುವಂತಿರಲಿಲ್ಲ, ನೂರಾರು ಪುಟಗಳಿಗೆ ತಡೆ ಬಿತ್ತು. ಸರ್ಕಾರ ಕೈಕಟ್ಟಿ ಕೂರಬೇಕಿತ್ತು ಎಂದು ಯಾರೂ ಹೇಳಲಾರರು. ಆದರೆ ತಡೆಪಟ್ಟಿ ಸೋರಿ ಹೊರಬಿದ್ದಾಗ ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿ ಅದರ 309 ನಮೂದುಗಳನ್ನು ಪರಿಶೀಲಿಸಿ, ವದಂತಿ ಸುಳ್ಳೆಂದು ತೋರಿಸಿಕೊಡುತ್ತಿದ್ದ ಪುಟಗಳೂ ಅದರಲ್ಲಿ ಸಿಕ್ಕಿಬಿದ್ದಿರುವುದನ್ನು ಎತ್ತಿ ಹೇಳಿತು. ಬೆಂಕಿ ಆರಿಸುವವರ ಕೊಡವನ್ನೂ ಕಸಿದುಕೊಂಡದ್ದು ಗೊತ್ತಾದದ್ದು ಪಟ್ಟಿ ಸೋರಿದ್ದರಿಂದ.

ಶತ್ರುವಿಗೆ ಮುನ್ಸೂಚನೆ ಕೊಟ್ಟು ಭದ್ರತೆ ಕಾಯಲಾದೀತೇ ಎಂಬುದು ಇದಕ್ಕೆ ಬರುವ ಗಟ್ಟಿ ಆಕ್ಷೇಪ. ಭಯೋತ್ಪಾದಕನ ಖಾತೆ ಮುಚ್ಚುವ ಮೊದಲು ಅವನನ್ನು ಕರೆದು ವಿಚಾರಿಸಬೇಕೆಂದು ಯಾರೂ ಕೇಳುತ್ತಿಲ್ಲ. ದೂರಸಂಪರ್ಕ ಒಕ್ಕೂಟದ ಇಂದಿನ ಸಂವಿಧಾನವೇ ತಂತಿಯನ್ನು ತಡೆದಾಗ ಅದು ಹೊರಟ ಕಚೇರಿಗೆ ಕೂಡಲೇ ತಿಳಿಸಬೇಕು ಎಂದು ಹೇಳಿ, ತಿಳಿಸುವುದೇ ದೇಶದ ಭದ್ರತೆಗೆ ಅಪಾಯವಾದರೆ ಬೇಡ ಎಂದು ವಿನಾಯಿತಿ ಕೊಡುತ್ತದೆ. ಗುಟ್ಟು ಅಲ್ಲಿ ಅಪವಾದ, ನಮ್ಮಲ್ಲಿ ಅದು ವಾಡಿಕೆಯಾಗಿದೆ. ಇನ್ನೊಂದು ಆಕ್ಷೇಪ, ವಿದೇಶಿ ಕಂಪನಿಗಳು ಸರ್ಕಾರಗಳಿಗಿಂತ ದೊಡ್ಡವಾಗಿ ಬೆಳೆದಿವೆ, ಅವುಗಳ ಎದುರು ಸರ್ಕಾರದ ಕೈ ಕಟ್ಟಬಾರದು ಎಂಬುದು. ಇದರಲ್ಲಿ ನಿಜವಿದೆ. ಯಾಹೂವಿನ ಮೊಕದ್ದಮೆಯಲ್ಲಿ ನ್ಯಾಯ ಫ್ರಾನ್ಸಿನ ಕಡೆಗಿತ್ತು ಎಂದೇ ನನ್ನ ಅಭಿಪ್ರಾಯ. ಆದರೆ ಅಲ್ಲಿ ದೂರುದಾರರು ಯಾರು, ಸರಕು ಯಾವುದು, ತಜ್ಞರು ಹೇಳಿದ್ದೇನು, ದಂಡ ಎಷ್ಟು ಎಲ್ಲವೂ ತೆರೆದ ನ್ಯಾಯಾಲಯದಲ್ಲಿ ನಡೆದು ಜಗತ್ತಿಗೇ ತಿಳಿಯಿತು. ತಿಳಿಸಿದ್ದರಿಂದ ಫ್ರಾನ್ಸಿನ ಸಾರ್ವಭೌಮತ್ವಕ್ಕೆ ಕುಂದು ಬರಲಿಲ್ಲ.

ಕರ್ನಾಟಕ ಹೈಕೋರ್ಟಿನ ಮುಂದೆ ಬಂದ ಟ್ವಿಟರ್ ಪ್ರಕರಣದಲ್ಲಿ ಈ ಗಂಟು ಸ್ಪಷ್ಟವಾಗಿ ಕಾಣುತ್ತದೆ. 39 ಜಾಲವಿಳಾಸಗಳ ಮೇಲಿನ ತಡೆ ಆದೇಶಗಳನ್ನು ಕಂಪನಿ 2022ರಲ್ಲಿ ಪ್ರಶ್ನಿಸಿತು. ಖಾತೆದಾರರಿಗೂ ನೋಟಿಸ್ ಕೊಡಬೇಕಿತ್ತು ಎಂಬುದು ಅದರ ವಾದಗಳಲ್ಲೊಂದು. 2023ರ ಜೂನ್ 30ರಂದು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅರ್ಜಿಯನ್ನು ವಜಾ ಮಾಡಿ 50 ಲಕ್ಷ ರೂಪಾಯಿ ದಂಡ ವಿಧಿಸಿದರು. ಆದೇಶಗಳನ್ನು ಕಂಪನಿ ಬಹುಕಾಲ ಪಾಲಿಸದೆ ಇದ್ದದ್ದು ನಿಜ, ಆ ದಂಡದ ಬಗ್ಗೆ ನನಗೆ ತಕರಾರಿಲ್ಲ. ನಮ್ಮ ಸಂವಿಧಾನದ 19ನೇ ವಿಧಿಯ ವಾಕ್ ಸ್ವಾತಂತ್ರ್ಯ ನಾಗರಿಕರದು, ವಿದೇಶಿ ಕಂಪನಿಯದಲ್ಲ ಎಂಬ ಮಾತೂ ಕಾನೂನಿನ ಪ್ರಕಾರ ಸರಿಯೇ. 2025ರ ಸೆಪ್ಟೆಂಬರ್ 24ರಂದು ಅಂಶಗಳನ್ನು ತೆಗೆಯುವಂತೆ ಸರ್ಕಾರ ಕಂಪನಿಗಳಿಗೆ ಸೂಚನೆ ಕಳಿಸುವ ಸಹಯೋಗ್ ಪೋರ್ಟಲ್ ಪ್ರಕರಣದಲ್ಲಿ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರೂ ಅದೇ ಕಂಪನಿಯ ಅರ್ಜಿಯನ್ನು ತಿರಸ್ಕರಿಸುವಾಗ ಇದನ್ನೇ ಹೇಳಿದರು. ಆದರೆ ಇದರ ಫಲವೇನು? ಆದೇಶ ತಿಳಿದ ಕಂಪನಿಗೆ ಹಕ್ಕಿಲ್ಲ. ಹಕ್ಕಿರುವ ನಾಗರಿಕನಿಗೆ ಆದೇಶ ಏನೆಂದು ತಿಳಿಯುವುದಿಲ್ಲ. ಕಂಪನಿಯೇ ಮಿಂಚಂಚೆ ಕಳಿಸಿ ತಿಳಿಸುವುದೂ ಉಂಟು, ಅದು ಅದರ ದಾಕ್ಷಿಣ್ಯ. ಇಂಟರ್ನೆಟ್ ಸೇವೆಯನ್ನೇ ನಿಲ್ಲಿಸುವ ಆದೇಶಗಳನ್ನು ಪ್ರಕಟಿಸಲೇಬೇಕು ಎಂದು ಸುಪ್ರೀಂ ಕೋರ್ಟ್ 2020ರ ಜನವರಿ 10ರಂದು ಅನುರಾಧಾ ಭಸೀನ್ ಪ್ರಕರಣದಲ್ಲಿ ಹೇಳಿತು. ಊರಿಗೆ ಊರೇ ನಿಂತಾಗ ಸಲ್ಲುವ ನ್ಯಾಯ ಒಂದು ಪುಟ, ಒಂದು ಖಾತೆ ನಿಂತಾಗ ಏಕೆ ಸಲ್ಲಬಾರದು? ತಡೆದ ಪುಟವನ್ನು ತೆರೆದವನಿಗೆ, ಇದನ್ನು ಇಂಥ ಕಲಮಿನಡಿ ಇಂಥ ದಿನ ತಡೆಯಲಾಗಿದೆ ಎಂಬ ಒಂದು ಸಾಲನ್ನು ತೋರಿಸಲು ಕಾಯ್ದೆಯನ್ನೇನೂ ಬದಲಿಸಬೇಕಿಲ್ಲ, ನಿಯಮ ತಿದ್ದಿದರೆ ಸಾಕು.

ದೂರಸಂಪರ್ಕ ಒಕ್ಕೂಟದ ಸಂವಿಧಾನದ 34ನೇ ವಿಧಿಯಲ್ಲಿ ಎರಡು ಭಾಗಗಳಿವೆ. ತಂತಿಯನ್ನು ತಡೆದರೆ ಅದು ಹೊರಟ ಕಚೇರಿಗೆ ತಿಳಿಸಬೇಕು ಎನ್ನುವುದು ಮೊದಲನೆಯ ಭಾಗ. ಉಳಿದ ಎಲ್ಲ ಖಾಸಗಿ ದೂರಸಂಪರ್ಕವನ್ನು ಕಡಿದುಹಾಕುವ ಅಧಿಕಾರ ಕೊಡುವುದು ಎರಡನೆಯ ಭಾಗ, ತಿಳಿಸಬೇಕು ಎಂಬ ಮಾತು ಅದರಲ್ಲಿ ಇಲ್ಲ. ಅಂತರಜಾಲ ಬರುವುದು ಈ ಎರಡನೆಯದರ ಕೆಳಗೆ. ಮೊದಲನೆಯ ಭಾಗ ಅನ್ವಯಿಸುವ ತಂತಿ ಸೇವೆಯನ್ನು ಭಾರತ 2013ರ ಜುಲೈಯಲ್ಲಿ ಮುಚ್ಚಿತು.